ಫೌಜಿಗಳ ಊರಲ್ಲಿ ಯುದ್ಧ ಬೇಡ ಅನ್ನುವುದು

ನಮ್ಮದು ಕುಂದಗೋಳ ತಾಲೂಕಿನ ಊರು. ಓಣಿಗೊಬ್ಬರಾದರೂ ಮಿಲಿಟರಿಗೆ ಹೋದವರಿದ್ದಾರೆ. ಇಂಥ ಕಡೆ ಆನ್‌ಲೈನ್ ಸೆಂಟರ್ ಇಟ್ಟುಕೊಂಡು, ಮಾತು ಬಂದಾಗೆಲ್ಲ ‘ಯುದ್ಧ ಬ್ಯಾಡ’ ಅನ್ನುತ್ತ ಬಂದವನು ನಾನು. ಹುಡುಗರು ‘ಶಾಂತಯ್ಯ’ ಅಂತ ಹೆಸರಿಟ್ಟಿದ್ದಾರೆ. ಅಂಗಡಿಗೆ ಬರುವುದನ್ನಂತೂ ಬಿಟ್ಟಿಲ್ಲ.

ಗುಡಿಕಟ್ಟೆಯ ಮೇಲೆ ನಾನು ವಾದಕ್ಕಿಳಿಯುವುದಿಲ್ಲ. ಹತ್ತು ಮಂದಿಯೆದುರು ಯಾರೂ ಸೋಲೊಪ್ಪುವುದಿಲ್ಲ, ನಾನೂ ಒಪ್ಪುವವನಲ್ಲ. ಹೆಣ ಬಂದ ದಿನವಂತೂ ಬಾಯಿ ತೆರೆಯುವುದಿಲ್ಲ. 2016ರ ಫೆಬ್ರವರಿಯಲ್ಲಿ ಸಿಯಾಚಿನ್‌ನ 19,600 ಅಡಿ ಎತ್ತರದ ಠಾಣೆಯ ಮೇಲೆ ಹಿಮ ಕುಸಿಯಿತು. ಆರು ದಿನ ಅದರಡಿ ಜೀವ ಹಿಡಿದಿದ್ದ ಲ್ಯಾನ್ಸ್ ನಾಯಕ್ ಹನುಮಂತಪ್ಪ ಕೊಪ್ಪದ ಆಮೇಲೆ ದಿಲ್ಲಿಯಲ್ಲಿ ತೀರಿಕೊಂಡರು. ಅವರ ಊರು ನಮ್ಮ ತಾಲೂಕಿನದೇ ಬೆಟದೂರು; ಅಲ್ಲಿಗೆ ಎಲ್ಲರ ಜೊತೆ ನಾನೂ ಹೋಗಿದ್ದೆ. ಘೋಷಣೆ ಕೂಗಲಿಲ್ಲ, ಕೂಗುವವರನ್ನು ತಡೆಯಲೂ ಇಲ್ಲ. ಸಿಯಾಚಿನ್‌ನಲ್ಲಿ ಗುಂಡಿಗಿಂತ ಚಳಿಗೆ, ಹಿಮಕ್ಕೆ ಸತ್ತವರೇ ಹೆಚ್ಚು, 2003ರಿಂದ ಕದನವಿರಾಮವಿದ್ದರೂ ಎರಡೂ ಕಡೆಯವರು ಇಳಿದಿಲ್ಲ ಅಂತ ಬಾಯಿಬಿಟ್ಟದ್ದು ತಿಂಗಳುಗಳಾದ ಮೇಲೆ, ಅಂಗಡಿಯಲ್ಲಿ. ದೇಶ, ಶಾಂತಿ ಅಂತ ಶುರು ಮಾಡಿದ್ದರೆ ಎದ್ದು ಹೋಗುತ್ತಿದ್ದರು. ಬೆಟದೂರು ಅಂದರೆ ಕೂತು ಕೇಳುತ್ತಾರೆ.

ನನ್ನ ಖಾಯಂ ಎದುರಾಳಿ ಒಬ್ಬ ರಿಟೈರ್ಡ್ ಸುಬೇದಾರ ಕಾಕಾ. ಕಾರ್ಗಿಲ್ ವೇಳೆ ದ್ರಾಸ್ ಕಡೆ ತೋಪಿನ ಮೇಲಿದ್ದವರು. ನವೆಂಬರ್ ಬಂತೆಂದರೆ ಮಿಲಿಟರಿ ಪಿಂಚಣಿಯ ಸ್ಪರ್ಶ್ ಪೋರ್ಟಲ್‌ಗೆ ಲೈಫ್ ಸರ್ಟಿಫಿಕೇಟ್ ಹಾಕಿಸಲು ಬರುತ್ತಾರೆ. ಬೆರಳು ಸವೆದು ಗುರುತು ಹತ್ತುವುದಿಲ್ಲ. ಒರೆಸಿ ಒತ್ತಿ, ಮತ್ತೆ ಒರೆಸಿ, ಕೊನೆಗೆ ಮುಖ ತೋರಿಸುವುದು. ಅಷ್ಟು ಹೊತ್ತು ನಮ್ಮ ಜಗಳ.

“ತಮ್ಮಾ, ಅವರು ಗುಡ್ಡ ಹತ್ತಿ ಕುಂತಿದ್ರು. ಕೈ ಮುಗದು ಇಳೀರಪಾ ಅನ್ನಬೇಕಿತ್ತೇನು?”

“ಇಳಸಬೇಕಿತ್ತು ಕಾಕಾ, ಅದಕ್ಕ ನಾ ಇಲ್ಲ ಅಂದಿಲ್ಲ. ಟಿವಿ ಮುಂದ ಕುಂತು ಲಾಹೋರ್ ತಗೋರಿ ಅನ್ನಾವ್ರಿಗೆ ಏನಂತೀರಿ?”

“ಅವ್ರನ್ನ ಥಂಡಿ ದಿನದಾಗ ದ್ರಾಸ್‌ಗೆ ಒಯ್ದು ಒಗೀಬೇಕು.”

ಅಲ್ಲಿಗೆ ಇಬ್ಬರೂ ಒಂದು. ಸಿಯಾಚಿನ್ ಮಾತಿಗೆ ಮಾತ್ರ ಅವರು ಜಗ್ಗಿಲ್ಲ: “ನಾವ್ ಇಳದ್ರ ಅವ್ರ ಹತ್ತತಾರ.” ಅದರಲ್ಲೂ ಹುರುಳಿದೆ. ಚಳಿಗಾಲಕ್ಕೆಂದು ಖಾಲಿ ಬಿಟ್ಟ ಠಾಣೆಗಳಲ್ಲೇ ತಾನೇ ಕಾರ್ಗಿಲ್‌ನಲ್ಲಿ ಪಾಕಿಸ್ತಾನದವರು ಬಂದು ಕೂತದ್ದು.

ಪಹಲ್ಗಾಮ್‌ನಲ್ಲಿ 26 ಮಂದಿಯನ್ನು ಕೊಂದಾಗ ನನ್ನ ರಕ್ತವೂ ಕುದಿದಿತ್ತು. ಆದರೆ 2025ರ ಮೇ 7ರಂದು ನಮ್ಮ ಸೇನೆ ಪಾಕಿಸ್ತಾನದ ಮೇಲೆ ದಾಳಿ ಮಾಡಿದ ನಂತರ ಊರಿಗೆ ಊರೇ ಜ್ವರ ಬಂದವರಂತೆ ಆಡತೊಡಗಿತು. ಕರಾಚಿ ಬಂದರು ಉಡೀಸ್ ಅಂತ ಟಿವಿಯವರು ಬಿಟ್ಟ ಸುಳ್ಳನ್ನೂ ನಂಬಿದರು. ಪೂಂಛ್‌ನಲ್ಲಿ ಶೆಲ್ ಬಿದ್ದು ನಮ್ಮದೇ ಜನ ಸತ್ತ ಸುದ್ದಿಯನ್ನು ಬಂದವರಿಗೆ ತೋರಿಸಿದೆ, ಅಷ್ಟೇ. “ರಾಯಣ್ಣನ ನಾಡಾಗ ಹುಟ್ಟಿ ಹಿಂಗ ಮಾತಾಡ್ತೀ?” ಅಂತ ಒಬ್ಬ ಬೈದು ಹೋದ. 10ರ ಸಂಜೆ ಕದನವಿರಾಮ ಅಂದಾಗ ಕಟ್ಟೆಯವರಿಗೆಲ್ಲ ಬೇಜಾರು. ಮಗ ಜಮ್ಮುವಿನಲ್ಲಿರುವ ಅವ್ವ ಒಬ್ಬಳು ರೀಚಾರ್ಜ್ ಮಾಡಿಸಲು ಬಂದಳು. ಹಿಂದೆ ಯಾರಾದರೂ ನಿಂತಿದ್ದಾರೇನೋ ಅಂತ ತಿರುಗಿ ನೋಡಿ, “ನಿಂತತಂತಲ್ಲೋ, ಖರೇನ?” ಅಂದಳು.

ಸೇನೆಗೆ ಸೇರುವ ಅಗ್ನಿವೀರ ಅರ್ಜಿ ತುಂಬುವವನೂ ನಾನೇ. ಎರಡೆಕರೆ ಒಣಬೇಸಾಯದ ಮನೆಯ ಹುಡುಗ ನಸುಕಿನಲ್ಲೆದ್ದು 1,600 ಮೀಟರ್ ಓಡುತ್ತಿದ್ದರೆ ಅವನಿಗೆ ತತ್ವ ಹೇಳುವ ಮುಖ ನನಗಿಲ್ಲ. ನಾಲ್ಕೇ ವರ್ಷದ ನೌಕರಿ, 2022ರ ಯೋಜನೆಯಂತೆ ಆಮೇಲೆ ಉಳಿಸಿಕೊಳ್ಳುವುದು ನೂರಕ್ಕೆ 25 ಮಂದಿಯನ್ನು, ಉಳಿದವರಿಗೆ ಪಿಂಚಣಿ ಇಲ್ಲ. ಇಷ್ಟನ್ನು ಅಪ್ಪ-ಅವ್ವನ ಎದುರೇ ಓದಿ ಹೇಳಿ ಸಬ್ಮಿಟ್ ಒತ್ತುತ್ತೇನೆ.

ಹೋದ ಜುಲೈ 26ರ ಕಾರ್ಗಿಲ್ ವಿಜಯ ದಿನಕ್ಕೆ ಶಾಲೆಯಲ್ಲಿ ಐದು ನಿಮಿಷ ಮಾತಾಡಲು ಕೇಳಿದ್ದೆ. ಹೆಡ್‌ಮಾಸ್ತರು ಕಾಕಾನ ಮುಖ ನೋಡಿದರು. “ಭಾಷಣ ಬ್ಯಾಡ. ಫೌಜಿ ಮನಿ ಹೆಣ್ಮಕ್ಕಳ ಪಿಂಚಣಿ ಕಾಗದ ನೋಡಲಿ ಅವ,” ಅಂದರು ಕಾಕಾ. ಶಾಲೆಯ ವರಾಂಡದಲ್ಲಿ ಟೇಬಲ್ ಹಾಕಿ ಕೂತೆ. ಆಡುವ ಮಾತನ್ನು ಒಬ್ಬೊಬ್ಬರ ಜೊತೆ ಅಲ್ಲೇ ಆಡಿದೆ. ಭಾಷಣಕ್ಕೆ ಮುಂದಿನ ಸಲ ಮತ್ತೆ ಕೇಳುವವನೇ.