ಹಳೇ 206 ಪಿಕಪ್‌ಗೆ ಹಿಂದಿನ ಬಂಪರ್ ಕೂರಿಸಿದ್ದು: ನನ್ನ ಅನುಭವ

ಹಿಂದಿನ ಬಂಪರ್ ಅಂದ ತಕ್ಷಣ ಎಲ್ರೂ ನೋಡೋದು ಆ ಅಡ್ಡ ಪಟ್ಟಿನ, ಕ್ರೋಮ್ ಮಾಡ್ಸಿದ್ದಾ ಕಪ್ಪು ಬಳಿದಿದ್ದಾ, ದಪ್ಪ ಎಷ್ಟು, ಲುಕ್ ಹೆಂಗಿದೆ ಅಂತ. ಆದ್ರೆ ಕೆಲಸ ಶುರು ಮಾಡೋವಾಗ ಆ ಪಟ್ಟಿ ಬಗ್ಗೆ ಯೋಚ್ನೆನೇ ಮಾಡ್ಬೇಡಿ. ಪಟ್ಟಿನ ಹಿಡ್ದಿರೋದು ಎರಡು ಬ್ರಾಕೆಟ್ಟು, ಬ್ರಾಕೆಟ್ಟನ್ನ ಹಿಡ್ದಿರೋದು ಚಾಸಿ (ಗಾಡಿ ಕೆಳಗಿನ ಕಬ್ಬಿಣದ ಚೌಕಟ್ಟು) ತುದಿ, ಆ ತುದಿ ತುಕ್ಕು ತಿಂದು ಸೊರಗಿದ್ರೆ ನೀವು ಮೇಲೆ ಎಂಥಾ ಕಬ್ಬಿಣ ಹಾಕಿದ್ರೂ ಮೊದಲ್ನೇ ಗುದ್ದಿಗೆ ಚಾಸಿ ಸಮೇತ ಕಿತ್ಕೊಂಡು ಬರತ್ತೆ.

ನಮ್ದು ಟಾಟಾಮೊಬೈಲ್ 206. ಟಾಟಾದವ್ರು ಇನ್ನೂ ಟೆಲ್ಕೋ ಅಂತ ಇದ್ದಾಗ 1988ರಲ್ಲಿ ತಂದ ಪಿಕಪ್ ಅದು, ಆಮೇಲೆ 1991ರಲ್ಲಿ ಬಂದ ಸಿಯೆರಾ, 1992ರಲ್ಲಿ ಬಂದ ಎಸ್ಟೇಟ್ ಎರಡೂ ಇದರ ಮೇಲೇ ಕಟ್ಟಿದ್ದು. ಆಲ್ದೂರು ಕಡೆ ನಮ್ಮ ತೋಟದಲ್ಲಿ ಗೊಬ್ಬರ, ಡೀಸೆಲ್ ಡ್ರಮ್ಮು, ಕೊಯ್ಲಿನ ಟೈಮಲ್ಲಿ ಕಾಫಿ ಮೂಟೆ, ಎಲ್ಲಾ ಇದ್ರಲ್ಲೇ ಓಡಾಡಿದ್ದು. ನಮ್ಮನೆಗೆ ಬಂದಾಗ್ಲೇ ಇದಕ್ಕೆ ಹಿಂದೆ ಬಂಪರ್ ಇರ್ಲಿಲ್ಲ. ಅಮೆರಿಕದ ಹಳೇ ಪಿಕಪ್‌ಗಳಲ್ಲೂ ಎಷ್ಟೋ ಮಾಡೆಲ್‌ಗೆ ಹಿಂದಿನ ಬಂಪರ್ ಬೇಕಂದ್ರೆ ಬೇರೆ ದುಡ್ಡು ಕೊಟ್ಟು ಹಾಕಿಸ್ಕೋಬೇಕಿತ್ತು, ಕೆಲಸದ ಗಾಡಿಗೆ ಅದೆಲ್ಲ ಯಾಕೆ ಅನ್ನೋ ಲೆಕ್ಕ. ತೋಟದಲ್ಲಿ ಓಡ್ಸೋರಿಗೆ ಗೊತ್ತು ಯಾಕೆ ಬೇಕು ಅಂತ. ಕಣದ ಕಟ್ಟೆಗೆ ರಿವರ್ಸ್ ತಗೊಳ್ಳೋವಾಗ ಮೊದ್ಲು ಏಟು ತಿನ್ನೋದು ಹಿಂದಿನ ಡೋರು, ಆಮೇಲೆ ಟೈಲ್ ಲ್ಯಾಂಪು. ಮೂಟೆ ಹತ್ಸೋರು ಕಾಲಿಡೋಕೆ ಜಾಗ ಇಲ್ದೆ ಡೋರಿನ ಕೀಲಿನ ಮೇಲೇ ಕಾಲಿಟ್ಟು ಹತ್ತಿ ಹತ್ತಿ ಕೀಲೇ ಬಗ್ಗೋಗಿತ್ತು. ಹಳೇ ಗಾಡಿಗೆ ಆ ಡೋರು ಹೋದ್ರೆ ಇನ್ನೊಂದು ಎಲ್ಲಿಂದ ತರ್ತೀರಾ? ಅದಕ್ಕೇ ನಂಗೆ ಬಂಪರ್ ಬೇಕಿತ್ತು, ಅದೂ ಮೇಲೆ ಕಾಲಿಟ್ಟು ನಿಲ್ಲೋ ಅಂಥ ಬಂಪರು.

ಮೊದ್ಲು ಗಾಡಿ ಹಿಂಭಾಗ ಎತ್ತಿ ಚಾಸಿ ಕೆಳಗೆ ಸ್ಟ್ಯಾಂಡ್ ಕೊಟ್ಟೆ. ಬರೀ ಜಾಕಿ ಮೇಲೆ ನಿಲ್ಲಿಸಿ ಕೆಳಗೆ ನುಗ್ಗೋದು ಬೇಡವೇ ಬೇಡ, ಇದನ್ನ ಎಷ್ಟು ಸಲ ಹೇಳಿದ್ರೂ ಕಮ್ಮಿನೇ. ಪ್ರೆಶರ್ ವಾಟರ್ ಹೊಡೆದು ತೊಳೆದ್ರೆ ಚಾಸಿ ತುದಿ ಒಳಗಿಂದ ಬಂದ ಮಣ್ಣು ನೋಡ್ಬೇಕಿತ್ತು, ವರ್ಷಾನುಗಟ್ಲೆ ಕೂತು ಇಟ್ಟಿಗೆ ಥರ ಆಗಿತ್ತು. ನಮ್ಮ ಮಲೆನಾಡಲ್ಲಿ ಜೂನ್‌ಗೆ ಹಿಡ್ಕೊಂಡ ಮಳೆ ಸೆಪ್ಟೆಂಬರ್ ತನಕ ಬಿಡಲ್ಲ, ಆ ಮಣ್ಣು ಅಷ್ಟೂ ದಿನ ಒದ್ದೆ ಇರತ್ತೆ, ಕಬ್ಬಿಣ ಒಳಗಿಂದಾನೇ ಹೋಗತ್ತೆ, ಹೊರಗಡೆ ಪೇಂಟ್ ನೋಡಿದ್ರೆ ಏನೂ ಗೊತ್ತಾಗಲ್ಲ. ತೊಳೆದು ಒಣಗಿದ ಮೇಲೆ ಸಣ್ಣ ಸುತ್ತಿಗೆ ತಗೊಂಡು ಮುಂದಿಂದ ಹಿಂದಕ್ಕೆ ತಟ್ಕೊಂಡು ಬಂದೆ. ಗಟ್ಟಿ ಇರೋ ಕಡೆ ಠಣ್ ಅಂತ ಕೈಗೆ ವಾಪಸ್ ಪುಟಿಯತ್ತೆ, ಸೊರಗಿರೋ ಕಡೆ ಡಬ್ ಅಂತ ಮಂಕು ಸದ್ದು ಬಂದು ಸುತ್ತಿಗೆ ಅಲ್ಲೇ ಕೂರತ್ತೆ. ಮಂಕು ಸದ್ದು ಬಂದ ಕಡೆ ಚೂಪು ಸ್ಕ್ರೂಡ್ರೈವರ್ ಇಟ್ಟು ಒತ್ತಿ ನೋಡಿ, ಪದರ ಪದರ ಉದುರಿದ್ರೆ ಮೊದ್ಲು ಅದರ ರಿಪೇರಿ, ಬಂಪರ್ ಕಥೆ ಆಮೇಲೆ. ನಮ್ದು ಬಲಗಡೆ ತುದಿ ಮೇಲ್ಮೇಲೆ ತುಕ್ಕು ಹಿಡಿದಿತ್ತು, ಒಳಗೆ ಗಟ್ಟಿ ಇತ್ತು. ವೈರ್ ಬ್ರಷ್ ಹಾಕಿ ಬೆಳ್ಳಗೆ ಮಾಡಿ ಪ್ರೈಮರ್ ಹೊಡ್ದೆ.

ಇನ್ನು ಯಾರೂ ಗಮನ ಕೊಡದೇ ಇರೋ ವಿಷ್ಯ ಒಂದಿದೆ, ನನ್ನ ಪ್ರಕಾರ ಇಡೀ ಕೆಲಸದಲ್ಲಿ ಇದೇ ಮುಖ್ಯ. ಬಂಪರ್ ಕೂರೋದು ಚಾಸಿಗೆ, ಆದ್ರೆ ಕಣ್ಣು ಅದನ್ನ ತಾಳೆ ನೋಡೋದು ಬಾಡಿ ಜೊತೆ, ಡೋರಿನ ಕೆಳಗಿನ ಅಂಚಿನ ಜೊತೆ. ಹಿಂದಿನ ಡಬ್ಬ, ಅಂದ್ರೆ ಲೋಡ್ ಹಾಕೋ ಭಾಗ, ಚಾಸಿ ಮೇಲೆ ಬೋಲ್ಟಲ್ಲಿ ಕೂತಿರತ್ತೆ, ಮಧ್ಯೆ ಪ್ಯಾಕಿಂಗ್ ಇರತ್ತೆ. ಹಳೇ ಗಾಡಿಲಿ ಆ ಪ್ಯಾಕಿಂಗ್ ಒಂದು ಕಡೆ ಪುಡಿಯಾಗಿ ಡಬ್ಬ ಆ ಕಡೆ ಇಳಿದಿರತ್ತೆ. ಅದನ್ನ ನೋಡದೆ ಬಂಪರ್‌ನ ಚಾಸಿಗೆ ಸರಿಯಾಗಿ ಲೆವೆಲ್ ಮಾಡಿ ಕೂರಿಸಿದ್ರೆ ಹಿಂದೆ ನಿಂತು ನೋಡೋರಿಗೆ ಬಂಪರೇ ಸೊಟ್ಟ ಕಾಣತ್ತೆ, ಬಾಡಿಗೆ ಸರಿಯಾಗಿ ಕೂರಿಸಿದ್ರೆ ಮುಂದೆ ಯಾವತ್ತಾದ್ರೂ ಪ್ಯಾಕಿಂಗ್ ಬದಲಾಯ್ಸಿದ ದಿನ ಮತ್ತೆ ಸೊಟ್ಟ. ಅದಕ್ಕೆ ನಾನು ಡಬ್ಬದ ಬೋಲ್ಟ್ ಎಲ್ಲಾ ಬಿಚ್ಚಿ, ಎರಡೂ ಕಡೆ ಹೊಸ ದಪ್ಪ ರಬ್ಬರ್ ಕೊಟ್ಟು ಬಿಗಿ ಮಾಡಿ, ಡೋರು ಸಲೀಸಾಗಿ ತೆಗೆದು ಹಾಕೋ ಹಂಗಾದ ಮೇಲೇನೇ ಬಂಪರ್ ಅಳತೆಗೆ ಕೈ ಹಾಕಿದ್ದು. ಆ ಬೋಲ್ಟುಗಳು ಸುಲಭಕ್ಕೆ ಬರಲ್ಲ ಬಿಡಿ. ಹಿಂದಿನ ದಿನಾನೇ ಡೀಸೆಲ್ ಬೆರೆಸಿದ ಆಯಿಲ್ ಕುಡಿಸಿ ಇಡ್ಬೇಕು, ಆದ್ರೂ ಬರ್ಲಿಲ್ಲ ಅಂದ್ರೆ ಗ್ರೈಂಡರ್‌ನಲ್ಲಿ ತಲೆ ಕತ್ತರಿಸೋದೇ. ಗ್ಯಾಸ್ ಹಚ್ಚಿ ಬಿಸಿ ಮಾಡೋಕೆ ಹೋಗ್ಬೇಡಿ, ಡೀಸೆಲ್ ಟ್ಯಾಂಕು, ಬ್ರೇಕ್ ಪೈಪು ಎಲ್ಲಾ ಹತ್ರದಲ್ಲೇ ಇರತ್ತೆ.

ಅಳತೆಗೆ ಗಟ್ಟಿ ರಟ್ಟು ತಗೊಂಡೆ. ಚಾಸಿ ತುದಿಗೆ ರಟ್ಟು ಹಿಡ್ದು, ಈಗಾಗ್ಲೇ ಇರೋ ತೂತುಗಳನ್ನ ಪೆನ್ಸಿಲ್‌ನಲ್ಲಿ ಗುರುತು ಮಾಡಿ, ಅದೇ ರಟ್ಟಲ್ಲಿ ಬ್ರಾಕೆಟ್ ಆಕಾರ ಕತ್ತರಿಸ್ದೆ. ಕಂಪನಿ ತೂತು ಎಷ್ಟು ಬಳಸ್ಕೊಳಕ್ಕೆ ಆಗತ್ತೋ ಅಷ್ಟು ಒಳ್ಳೇದು. ಹೊಸ ತೂತು ಹಾಕ್ಲೇಬೇಕು ಅಂದ್ರೆ ಚಾಸಿಯ ನಿಂತ ಗೋಡೆ ಇದ್ಯಲ್ಲ ಅಲ್ಲಿ ಹಾಕಿ, ಮೇಲಿನ ಕೆಳಗಿನ ಮಡಿಕೆಗೆ ಮಾತ್ರ ಡ್ರಿಲ್ ಇಡ್ಬೇಡಿ, ಲೋಡ್ ಬಿದ್ದಾಗ ಜಾಸ್ತಿ ಎಳೆತ ಬೀಳೋದು ಆ ಮಡಿಕೆಗೇ, ಸೀಳು ಶುರು ಆಗೋದೂ ಅಲ್ಲೇ.

ಬ್ರಾಕೆಟ್‌ಗೆ 8 ಎಂಎಂ ಪ್ಲೇಟು, ಬಂಪರ್ ಪಟ್ಟಿಗೆ 3 ಎಂಎಂ ಪ್ಲೇಟು ಅಂತ ತೀರ್ಮಾನ ಮಾಡ್ದೆ. ಪಟ್ಟಿನೂ 5 ಎಂಎಂ ಹಾಕ್ಸಿ ಅಂತ ಎಲ್ರೂ ಹೇಳಿದ್ರು. ಲೆಕ್ಕ ಹಾಕಿ ನೋಡಿ, 5 ಎಂಎಂ ಪ್ಲೇಟು ಒಂದು ಚದರ ಮೀಟರ್‌ಗೆ 39 ಕೆಜಿ ಚಿಲ್ರೆ ತೂಗತ್ತೆ. ಐದಡಿ ಉದ್ದ, ಬಗ್ಗಿಸೋದಕ್ಕೆ ಸೇರಿ ಒಂದಡಿ ಅಗಲ ಅಂದ್ರೂ 18 ಕೆಜಿ ಆಯ್ತು, 3 ಎಂಎಂ ಆದ್ರೆ 11 ಕೆಜಿ ಒಳಗೇ. ಈ ತೂಕ ಇರೋದು ಹಿಂದಿನ ಆಕ್ಸಲ್‌ಗಿಂತ ಎಷ್ಟೋ ಆಚೆ, ತುದಿಲಿ, ಗುಂಡಿಗೆ ಇಳಿದಾಗೆಲ್ಲ ಬ್ರಾಕೆಟ್‌ನ ಜಗ್ಗತ್ತೆ. ಮೇಲೆ ಕೆಳಗೆ ಎರಡೂ ಅಂಚು ಬಗ್ಗಿಸಿದ್ರೆ 3 ಎಂಎಂ ಸಾಕಷ್ಟು ಬಿಗಿ ಬರತ್ತೆ, ಕಾಲಿಡೋ ಜಾಗದ ಕೆಳಗೆ ಮಾತ್ರ ಒಂದು ತುಂಡು ಆಂಗಲ್ ಕೊಟ್ರೆ ಆಯ್ತು. ಮೇಲೆ ಚೆಕರ್ಡ್ ಪ್ಲೇಟ್, ಅಂದ್ರೆ ಬಸ್ ಮೆಟ್ಟಿಲಿಗೆ ಹಾಕ್ತಾರಲ್ಲ ಅದೇ ಉಬ್ಬು ಉಬ್ಬಿನ ಶೀಟು, ಮಳೇಲಿ ಕೆಸರು ಕಾಲು ಜಾರಬಾರ್ದು ಅಂತ.

ಬೆಂಡ್ ಮಾಡ್ಸೋದಕ್ಕೆ ಚಿಕ್ಕಮಗಳೂರಿಗೆ ಹೋಗಿದ್ದೆ, ಬೆಂಡಿಂಗ್ ಮೆಷಿನ್ ಇಲ್ದೆ ಸುತ್ತಿಗೆಲಿ ಬಗ್ಗಿಸಿದ್ರೆ ಅಂಚು ಅಲೆ ಅಲೆ ಬರತ್ತೆ. ವೆಲ್ಡಿಂಗ್ ನಮ್ಮೂರಲ್ಲೇ. ವೆಲ್ಡಿಂಗ್ ಹುಡುಗ ಗಾಡಿ ನೋಡಿದವ್ನೇ ಹೇಳ್ದ, "ಸಾರ್, ಬೋಲ್ಟೆಲ್ಲ ಯಾಕ್ ಸಾರ್, ಸೀದಾ ಚಾಸಿಗೇ ಹೊಡ್ದ್ಬಿಡ್ತೀನಿ, ಆನೆ ಎಳುದ್ರೂ ಬರಲ್ಲ." ನಾನಂದೆ, "ಬರ್ಬೇಕಪ್ಪ, ಗುದ್ದಿದ ದಿನ ಬಿಚ್ಚಿ ರಿಪೇರಿ ಮಾಡಕ್ಕೆ ಬರ್ಬೇಕು. ಚಾಸಿಗೆ ಒಂದು ಚುಕ್ಕೆನೂ ಇಡ್ಬೇಡ." ಅವ್ನಿಗೆ ಒಪ್ಪಿಸೋಕೆ ಸ್ವಲ್ಪ ಮಾತು ಬೇಕಾಯ್ತು, ಆದ್ರೆ ಒಪ್ಪಿದ ಮೇಲೆ ಕೆಲಸ ಅಚ್ಚುಕಟ್ಟಾಗಿ ಮಾಡ್ದ. ಚಾಸಿಗೆ ವೆಲ್ಡ್ ಯಾಕೆ ಬೇಡ ಅಂದ್ರೆ, ವೆಲ್ಡ್ ಪಕ್ಕದಲ್ಲಿ ಬಿಸಿ ತಿಂದ ಕಬ್ಬಿಣ ಮೊದಲಿನ ಹಂಗೆ ಇರಲ್ಲ, ತೋಟದ ರಸ್ತೆಲಿ ಚಾಸಿ ದಿನಾ ತಿರುಚ್ತಾ ಇರತ್ತೆ, ಸೀಳು ಬಿಡೋದು ವೆಲ್ಡ್ ಮೇಲಲ್ಲ, ವೆಲ್ಡ್ ಮುಗಿಯೋ ಅಂಚಲ್ಲಿ. ಬಂಪರ್ ಸೊಟ್ಟ ಆದ್ರೆ ಒಂದು ದಿನದ ಕೆಲಸ, ಚಾಸಿ ಸೀಳಿದ್ರೆ ಗಾಡಿನೇ ಮೂಲೆಗೆ.

ಬ್ರಾಕೆಟ್‌ಲಿ ಚಾಸಿ ಕಡೆ ದುಂಡು ತೂತು, ಬಂಪರ್ ಕಡೆ ಉದ್ದ ತೂತು ಹಾಕ್ಸಿದೀನಿ, ಮೇಲೆ ಕೆಳಗೆ ಅರ್ಧ ಇಂಚು ಸರಿಸೋ ಹಂಗೆ. ಇದೊಂದು ಮಾಡಿದ್ರೆ ಲೆವೆಲ್ ಮಾಡೋದು ಎಷ್ಟು ಸಲೀಸು ಅಂದ್ರೆ, ಎಲ್ಲಾ ಬೋಲ್ಟ್ ಕೈಬಿಗಿ ಹಾಕಿ, ಬಂಪರ್ ಕೆಳಗೆ ಜಾಕಿ ಕೊಟ್ಟು, ಸ್ವಲ್ಪ ಸ್ವಲ್ಪ ಎತ್ತಿ ಇಳಿಸಿ ನೋಡ್ತಾ ಹೋಗ್ಬೋದು, ಸಹಾಯಕ್ಕೆ ಯಾರೂ ಇಲ್ದೆ ಒಬ್ರೇ ಮಾಡ್ಬೋದು.

ಲೆವೆಲ್‌ಗೆ ನಮ್ಮ ಅಂಗಳ ನಂಬೋ ಹಂಗಿಲ್ಲ, ಒಂದು ಕಡೆ ಇಳಿಜಾರು. ನೆಲದಿಂದ ಟೇಪ್ ಹಿಡಿಯೋದು ಬಿಟ್ಟು ಗಾರೆ ಕೆಲಸದವ್ರು ಬಳಸೋ ನೀರಿನ ಪೈಪ್ ತಗೊಂಡೆ. ಚಾಸಿಯ ಎಡ ಬಲ ಒಂದೇ ಜಾಗದಲ್ಲಿ ಪೈಪಿನ ಎರಡು ತುದಿ ಹಿಡ್ದು ಎಷ್ಟು ವ್ಯತ್ಯಾಸ ಇದೆ ನೋಡ್ಕೊಂಡು, ಬಂಪರ್‌ಗೂ ಅದೇ ವ್ಯತ್ಯಾಸ ಬರೋ ಹಂಗೆ ಕೂರಿಸ್ದೆ. ಆಮೇಲೆ ಕರ್ಣದ ಅಳತೆ: ಬಂಪರ್‌ನ ಎಡ ತುದಿಯಿಂದ ಬಲಗಡೆ ಪಾಟಾದ (ಪಟ್ಟಿ ಸ್ಪ್ರಿಂಗಿನ) ತುದಿನ ಚಾಸಿಗೆ ಹಿಡಿಯೋ ಶ್ಯಾಕಲ್ ಬೋಲ್ಟಿಗೆ, ಬಲ ತುದಿಯಿಂದ ಎಡಗಡೆ ಶ್ಯಾಕಲ್ ಬೋಲ್ಟಿಗೆ. ಎರಡೂ ಒಂದೇ ಬಂದ್ರೆ ಬಂಪರ್ ನೇರ ಇದೆ ಅಂತ ಅರ್ಥ. ಬಾಡಿಯಿಂದ ಬಂಪರ್‌ಗೆ 20 ಎಂಎಂ ಗ್ಯಾಪ್ ಬಿಟ್ಟಿದೀನಿ. ಹತ್ರ ಕೂರಿಸಿದ್ರೆ ನೋಡೋಕೆ ಚಂದ ನಿಜ, ಆದ್ರೆ ಲೋಡ್ ಹಾಕಿ ಹಳ್ಳ ಕೊಳ್ಳ ಇಳಿದಾಗ ಡಬ್ಬ ಚಾಸಿ ಎರಡೂ ಒಟ್ಟಿಗೆ ಅಲ್ಲಾಡಲ್ಲ, ಒಂದಕ್ಕೊಂದು ತಾಗಿ ಪೇಂಟ್ ಕಿತ್ತು ಅಲ್ಲೇ ತುಕ್ಕು ಶುರು. ಮತ್ತೆ ಡೋರು ಪೂರ್ತಿ ಕೆಳಗೆ ನೇತು ಬಿಟ್ಟು ನೋಡಿ, ಚೈನ್ ಬಿಚ್ಚಿ ನೋಡಿ. ಚೈನ್ ಹಾಕಿದಾಗ ಸರಿ ಇರತ್ತೆ, ಬಿಚ್ಚಿ ಕೆಳಗೆ ಬಿಟ್ಟಾಗ ಬಂಪರ್ ಮೇಲೆ ಬಡಿಯತ್ತೆ. ಮೀಟುಗೋಲಿನ ಥರ ಡೋರಿನ ತೂಕ ಪೂರ್ತಿ ಕೀಲನ್ನ ಮೀಟತ್ತೆ, ಅದಕ್ಕೆ ಬಡಿಯೋ ಜಾಗದಲ್ಲಿ ಎರಡು ರಬ್ಬರ್ ಗುಂಡಿ ಕೂರಿಸಿದೀನಿ.

ವೆಲ್ಡಿಂಗ್ ಕ್ರಮ ಹೇಳ್ಬೇಕು. ಗಾಡಿ ಮೇಲೆ ಕೂರಿಸಿ ಬ್ರಾಕೆಟ್ಟಿಗೂ ಬಂಪರ್ ಹಿಂದಿನ ಪ್ಲೇಟಿಗೂ ಅಲ್ಲಲ್ಲಿ ಟ್ಯಾಕ್, ಅಂದ್ರೆ ಹಿಡ್ಕೊಳ್ಳೋ ಅಷ್ಟು ಚುಕ್ಕೆ ವೆಲ್ಡ್ ಮಾತ್ರ, ಅದಕ್ಕೂ ಮುಂಚೆ ಬ್ಯಾಟರಿ ಟರ್ಮಿನಲ್ ಬಿಚ್ಚಿ, ಅರ್ಥ್ ಕ್ಲಿಪ್‌ನ ವೆಲ್ಡ್ ಮಾಡೋ ತುಂಡಿಗೇ ಹಾಕಿ. ಆಮೇಲೆ ಪೂರ್ತಿ ಕೆಳಗಿಳಿಸಿ ನೆಲದ ಮೇಲೆ ಫುಲ್ ವೆಲ್ಡ್. ಒಂದೇ ಕಡೆ ಉದ್ದಕ್ಕೆ ರಾಡ್ ಎಳೆದ್ರೆ 3 ಎಂಎಂ ಪ್ಲೇಟ್ ಬಾಳೆ ಎಲೆ ಒಣಗಿದ ಹಂಗೆ ಸೊಟ್ಟ ಆಗತ್ತೆ, ಎಡಕ್ಕೆ ಒಂದಿಂಚು ಬಲಕ್ಕೆ ಒಂದಿಂಚು, ಮಧ್ಯೆ ಆರೋಕೆ ಬಿಟ್ಟು ಮಾಡ್ಸಿ.

ಬೋಲ್ಟು 12 ಎಂಎಂ, ತಲೆ ಮೇಲೆ 8.8 ಅಂತ ಅಚ್ಚು ಇರೋದೇ ಬೇಕು ಅಂತ ಕೇಳಿ ತಗೊಳ್ಳಿ. ಅಂಗಡಿಲಿ ಗೇಟಿಗೆ ಹಾಕೋ ಸಾದಾ ಬೋಲ್ಟ್ ಕೊಡ್ತಾರೆ, ನೋಡೋಕೆ ಒಂದೇ ಥರ, ತಲೆ ಮೇಲೆ ನಂಬರ್ ಇರಲ್ಲ ಇಲ್ಲಾ 4.6 ಅಂತ ಇರತ್ತೆ, ಅಂದ್ರೆ ಹೆಚ್ಚು ಕಮ್ಮಿ ಅರ್ಧ ಬಲದ್ದು. ನೈಲಾಕ್ ನಟ್ಟು (ಸಡಿಲ ಆಗದ ಹಂಗೆ ಒಳಗೆ ನೈಲಾನ್ ಬಳೆ ಇರೋದು), ಎರಡೂ ಕಡೆ ದಪ್ಪ ವಾಷರ್. ನಿಮ್ಮ ಗಾಡಿ ಚಾಸಿ ಡಬ್ಬಿ ಥರ ಮುಚ್ಚಿದ್ದಾದ್ರೆ ಆರಪಾರ ಬೋಲ್ಟ್ ಹಾಕಿ ಬಿಗಿದ್ರೆ ಎರಡೂ ಗೋಡೆ ಒಳಕ್ಕೆ ಬಗ್ಗತ್ತೆ, ಬಿಗಿ ಆಯ್ತು ಅನ್ಸತ್ತೆ ಆದ್ರೆ ಆಗಿರಲ್ಲ. ಒಳಗೆ ಬೋಲ್ಟ್ ಹೋಗೋ ಅಷ್ಟೇ ಸೈಜಿನ ದಪ್ಪ ಪೈಪ್ ತುಂಡು, ಚಾಸಿ ಒಳ ಅಗಲಕ್ಕೆ ಸರಿಯಾಗಿ ಲೇತ್‌ನಲ್ಲಿ ಕತ್ತರಿಸಿ ಕೂರಿಸ್ಬೇಕು. ತೆರೆದ ಚಾನೆಲ್ ಥರ ಆದ್ರೆ ಒಳಗಡೆ ಒಂದು ಪ್ಲೇಟ್ ತುಂಡು ಸಾಕು. ಟಾರ್ಕ್ ವ್ರೆಂಚ್ ಇದ್ರೆ 80 ನ್ಯೂಟನ್ ಮೀಟರ್ ಆಸುಪಾಸು ಬಿಗೀರಿ. ಸ್ವಲ್ಪ ದಿನ ಲೋಡಲ್ಲಿ ಓಡ್ಸಿ ಮತ್ತೆ ಒಂದು ಸಲ ಸ್ಪ್ಯಾನರ್ ಇಡಿ, ಹೊಸ ಪೇಂಟ್ ಅಮುಕಿ ಬೋಲ್ಟ್ ಸಡಿಲ ಆಗೇ ಆಗತ್ತೆ.

ಪೌಡರ್ ಕೋಟಿಂಗ್ ಮಾಡ್ಸಿಲ್ಲ. ಸಿಟಿ ಗಾಡಿಗೆ ಅದು ಚಂದ, ನಮ್ಮ ಕಡೆ ಕಲ್ಲು ಸಿಡಿದು ಒಂದು ಕಡೆ ಚಕ್ಕೆ ಎದ್ರೆ ನೀರು ಅದರಡಿ ಹರಡಿ ತುಕ್ಕು ಒಳಗೊಳಗೇ ಓಡಾಡತ್ತೆ, ಹೊರಗೆ ಗೊತ್ತಾಗಲ್ಲ. ಎಪಾಕ್ಸಿ ಪ್ರೈಮರ್ ಮೇಲೆ ಸಾದಾ ಕಪ್ಪು ಪೇಂಟ್, ಏಟು ಬಿದ್ದ ಕಡೆ ಉಜ್ಜಿ ಬ್ರಷ್‌ನಲ್ಲಿ ಮುಟ್ಟಿಸಿದ್ರೆ ಮುಗೀತು. ಬಂಪರ್ ಕೆಳಗಿನ ಮಡಿಕೇಲಿ ನೀರು ನಿಲ್ಲದ ಹಂಗೆ ಎರಡು ಮೂರು ತೂತು ಪೇಂಟಿಗೆ ಮುಂಚೆನೇ ಹಾಕ್ಸಿ.

ಕಾನೂನಿನ ಮಾತು. ಮೋಟಾರು ವಾಹನ ಕಾಯ್ದೆಯ ಸೆಕ್ಷನ್ 52 ಗಾಡಿ ಮಾರ್ಪಾಡಿನ ಬಗ್ಗೆ ಇರೋದು, 2017ರ ಡಿಸೆಂಬರ್‌ನಲ್ಲಿ ಕೇಂದ್ರ ಸಾರಿಗೆ ಸಚಿವಾಲಯ ರಾಜ್ಯಗಳಿಗೆ ಕ್ರ್ಯಾಶ್ ಗಾರ್ಡ್, ಬುಲ್ ಬಾರ್ ಮೇಲೆ ಕ್ರಮ ತಗೊಳ್ಳಿ ಅಂತ ಬರೆದಿದ್ದೂ ಇದೇ ಸೆಕ್ಷನ್ ಹಿಡ್ಕೊಂಡು. ಹಂಗಾಗಿ ಬಾಡಿ ಅಗಲ ಮೀರದ ಹಂಗೆ, ತುದಿ ಒಳಕ್ಕೆ ಬಾಗಿಸಿ, ಕೊಂಬು ಪೈಪು ಏನೂ ಇಲ್ದೆ ಸಾದಾ ಮಾಡ್ಸಿ, ಕೆಲಸ ಶುರು ಮಾಡೋ ಮುಂಚೆ ಆರ್‌ಟಿಒದಲ್ಲಿ ಒಂದು ಮಾತು ಕೇಳಿ. ನಮ್ಮಂಥ ಹಳೇ ಗಾಡಿಗಳಿಗೆ 15 ವರ್ಷ ಆದ ಮೇಲೆ ರಿಜಿಸ್ಟ್ರೇಷನ್ ರಿನ್ಯೂವಲ್‌ಗೆ ಗಾಡಿ ತೋರಿಸ್ಲೇಬೇಕು, ಅಲ್ಲಿ ತಕರಾರು ಬೇಡ. ನಂಬರ್ ಪ್ಲೇಟು, ಅದರ ಲೈಟು, ಕೆಂಪು ರಿಫ್ಲೆಕ್ಟರ್ ಮೂರೂ ಬಂಪರ್‌ಗೆ ಮರೆ ಆಗ್ಬಾರ್ದು. ನಾನು ಪ್ಲೇಟ್ ಇದ್ದ ಜಾಗದಲ್ಲೇ ಬಿಟ್ಟು, ಬಂಪರ್ ಮಧ್ಯ ಅಷ್ಟಗಲ ಕೆಳಕ್ಕೆ ತಗ್ಗಿಸಿದೀನಿ.

ಕೊನೇದಾಗಿ ಹುಕ್ಕು. ಕೆಸರಲ್ಲಿ ಹೂತ ಗಾಡಿ ಎಳೆಯೋಕೆ ಬಂಪರ್ ಪಟ್ಟಿಗೇ ಹುಕ್ಕು ಬೆಸೆಸ್ತಾರೆ, ಅದು ಬೇಡ. ಹಗ್ಗ ಬಿಗಿಯಾಗಿರೋವಾಗ ಪಟ್ಟಿ ಕಿತ್ರೆ ಆ ಕಬ್ಬಿಣ ಎಳೀತಿರೋ ಇನ್ನೊಂದು ಗಾಡಿ ಕಡೆಗೇ ಹಾರತ್ತೆ, ಅಲ್ಲಿ ಸ್ಟೇರಿಂಗ್ ಹಿಡ್ದು ಒಬ್ರು ಕೂತಿರ್ತಾರೆ. ನಮ್ದರಲ್ಲಿ ಹುಕ್ಕು ಚಾಸಿಯ ಹಿಂದಿನ ಕ್ರಾಸ್ ಮೆಂಬರ್‌ಗೆ (ಎರಡೂ ಬದಿ ಸೇರಿಸೋ ಅಡ್ಡ ತೊಲೆಗೆ), ಅದರದ್ದೇ ಬೇರೆ ಬೋಲ್ಟ್‌ಗಳಲ್ಲಿ ಕೂತಿದೆ, ಬಂಪರ್‌ನಲ್ಲಿ ಅದು ಹೊರಗೆ ಬರೋಕೆ ಒಂದು ಕಿಂಡಿ ಅಷ್ಟೇ.