ರಬ್ಬರ್‌ ತುದಿಯಲ್ಲಿ ಎದ್ದ ಗುಳ್ಳೆ

ಹುಟ್ಟಿ ಹತ್ತೇ ದಿನವಾಗಿದ್ದ ಮಗು. ಮುಟ್ಟಿದಲ್ಲೆಲ್ಲ ಗುಳ್ಳೆ. ಡ್ರಿಪ್‌ ಹಾಕಿದ್ದ ಕೈಯಿಂದ ಪ್ಲಾಸ್ಟರ್‌ ಬಿಡಿಸುವಾಗ ಅದರ ಜೊತೆ ಚರ್ಮವೂ ಬಂದಿತ್ತು. ತಾಯಿ ಮೊದಲು ಕೇಳಿದ್ದು ಔಷಧಿಯ ವಿಚಾರವನ್ನಲ್ಲ. "ಗ್ರಹಣದ ದಿನ ಹೊರಗೆ ಬಂದಿದ್ದೆ ಡಾಕ್ಟ್ರೇ, ಅದಕ್ಕೇ ಹೀಗಾಯ್ತಾ?"

"ಇಲ್ಲಮ್ಮ" ಅಂದೆ. ಆದರೆ ಮತ್ಯಾಕೆ ಅನ್ನುವುದಕ್ಕೆ ಅವತ್ತು ನನ್ನಲ್ಲಿ ಪೂರ್ತಿ ಉತ್ತರವಿರಲಿಲ್ಲ.

ಎಪಿಡರ್ಮೊಲೈಸಿಸ್‌ ಬುಲ್ಲೋಸಾ ಎಂದು ಗುರುತಿಸಿದ್ದೆ. ಚರ್ಮದ ಪದರಗಳನ್ನು ಗಟ್ಟಿಯಾಗಿ ಹಿಡಿದಿಡುವ ಪ್ರೋಟೀನ್‌ ಒಂದರ ಜೀನ್‌ ಕೆಟ್ಟು, ಚೂರು ಉಜ್ಜಿದರೂ ಗುಳ್ಳೆ ಏಳುವ ಹುಟ್ಟುರೋಗ ಅದು. ಆ ಒಂದು ಹೆಸರಿನಡಿ ಬೇರೆ ಬೇರೆ ರೋಗಗಳಿವೆ, ಯಾವ ಪ್ರೋಟೀನ್‌ ಕೆಟ್ಟಿದೆ ಎನ್ನುವುದರ ಮೇಲೆ. ಕೆರಟಿನ್‌ 5 ಅಥವಾ 14ರ ಜೀನ್‌ ಕೆಟ್ಟಿದ್ದರೆ ಬಹುಪಾಲು ಮಕ್ಕಳು ಬೆಳೆದು ದೊಡ್ಡವರಾಗುತ್ತಾರೆ. ಲ್ಯಾಮಿನಿನ್‌ 332 ಇಲ್ಲದೇ ಹೋದರೆ ಎಷ್ಟೋ ಕಂದಮ್ಮಗಳು ಎರಡು ವರ್ಷ ದಾಟುವುದಿಲ್ಲ. ಏಳನೇ ಬಗೆಯ ಕೊಲಾಜನ್‌ ಇಲ್ಲದಿದ್ದರೆ ಬೆರಳುಗಳು ಅಂಟಿಕೊಳ್ಳುತ್ತವೆ, ಅನ್ನನಾಳ ಕಿರಿದಾಗುತ್ತದೆ, ಹರೆಯದಲ್ಲೇ ಚರ್ಮದ ಕ್ಯಾನ್ಸರ್‌ ಬರಬಹುದು. ಹತ್ತು ದಿನದ ಕೂಸಿನಲ್ಲಿ ಇವನ್ನು ಬರಿಗಣ್ಣಿನಿಂದ ಬೇರ್ಪಡಿಸಲು ಆಗುವುದಿಲ್ಲ.

ಮೊದಲ ಬಯಾಪ್ಸಿಯಲ್ಲಿ ನಾನು ಎಡವಿದೆ. ಕಾಲಿನ ಹಳೇ ಗುಳ್ಳೆಯಿಂದ ತುಣುಕು ತೆಗೆದು ಕಳಿಸಿದೆ. ಅದರ ತಳದಲ್ಲಿ ಆಗಲೇ ಹೊಸ ಚರ್ಮ ಬೆಳೆಯತೊಡಗಿತ್ತು, ಬಿರುಕು ಯಾವ ಪದರದಲ್ಲಿದೆ ಎಂದು ತಿಳಿಯಲಿಲ್ಲ. ರೋಗದ ಬಗೆ ಗೊತ್ತಾಗುವುದೇ ಅದರಿಂದ. ಆ ಎಳೇ ಮೈಗೆ ಇನ್ನೊಂದು ಗಾಯ ಮಾಡಬೇಕಾಗಿ ಬಂದದ್ದು ಇವತ್ತಿಗೂ ನನ್ನನ್ನು ಕಾಡುತ್ತದೆ.

ಎರಡನೇ ಸಲ ಪೆನ್ಸಿಲ್ಲಿನ ಹಿಂದಿರುವ ರಬ್ಬರನ್ನು ಚೆನ್ನಾಗಿರುವ ಚರ್ಮದ ಮೇಲಿಟ್ಟು ಮೆಲ್ಲಗೆ ತಿರುಗಿಸಿದೆ. ಚರ್ಮ ಕೆಂಪಾಯಿತು, ಸ್ವಲ್ಪ ಹೊತ್ತಿಗೆ ನೀರು ತುಂಬಿಕೊಂಡು ಎದ್ದಿತು. ಆ ಹೊಸ ಗುಳ್ಳೆಯ ಅಂಚಿನಿಂದ ತುಣುಕು ತೆಗೆದು, ಫಾರ್ಮಲಿನ್‌ಗೆ ಹಾಕದೆ ಮೈಕೆಲ್ಸ್‌ ಮೀಡಿಯಂ ಎಂಬ, ಪ್ರೋಟೀನ್‌ಗಳನ್ನು ಕೆಡದಂತೆ ಕಾಯುವ ದ್ರಾವಣದಲ್ಲಿ ಕಳಿಸಿದೆ. ಪ್ರೋಟೀನ್‌ಗಳು ಹೊಳೆಯುವಂತೆ ಮಾಡಿ ನೋಡುವ ಪ್ರತಿದೀಪ್ತಿ ಪರೀಕ್ಷೆಯಲ್ಲಿ, ಮೇಲಿನ ಚರ್ಮ ಮತ್ತು ಒಳಚರ್ಮದ ನಡುವಿನ ತಳಪೊರೆಯಲ್ಲಿರುವ ನಾಲ್ಕನೇ ಬಗೆಯ ಕೊಲಾಜನ್‌ ಗುಳ್ಳೆಯ ಚಾವಣಿಯಲ್ಲಿ ಹೊಳೆಯಿತು. ಅಂದರೆ ಬಿರುಕು ಅದಕ್ಕಿಂತ ಕೆಳಗಿದೆ. ಮೇಲಿನ ಚರ್ಮವನ್ನು ಒಳಚರ್ಮಕ್ಕೆ ಹೊಲಿದಿಡುವ ಏಳನೇ ಕೊಲಾಜನ್‌ ಕಾಣಲೇ ಇಲ್ಲ.

ಆಮೇಲೆ ಮಗು, ತಾಯಿ, ತಂದೆ ಮೂವರ ರಕ್ತವನ್ನೂ ಜೀನ್‌ ಪರೀಕ್ಷೆಗೆ ನೇರಳೆ ಮುಚ್ಚಳದ ಟ್ಯೂಬಿನಲ್ಲಿ ಕಳಿಸಿದೆವು. ಏಳನೇ ಕೊಲಾಜನ್‌ ತಯಾರಿಸುವ, ಮೂರನೇ ವರ್ಣತಂತುವಿನ ಸಿಒಎಲ್‌7ಎ1 ಜೀನ್‌ನಲ್ಲಿ ಒಂದೇ ಬಗೆಯ ದೋಷ ತಂದೆಯಿಂದಲೂ ಬಂದಿತ್ತು, ತಾಯಿಯಿಂದಲೂ ಬಂದಿತ್ತು. ಗಂಡ ಆಕೆಗೆ ಸ್ವಂತ ಸೋದರಮಾವ. ಇಬ್ಬರಲ್ಲೂ ಒಂದೊಂದು ಪ್ರತಿ ಸರಿಯಾಗಿದ್ದುದರಿಂದ ಇಬ್ಬರ ಮೈಯೂ ಚೆನ್ನಾಗಿತ್ತು.

ಗುಣಪಡಿಸುವ ಮಾತು ನಾನು ಆಡಲಿಲ್ಲ. ಈ ಜೀನ್‌ನ ಸರಿಯಾದ ಪ್ರತಿಯನ್ನೇ ಗಾಯಕ್ಕೆ ಹಚ್ಚುವ ಜೆಲ್‌ಗೆ ಅಮೆರಿಕ 2023ರ ಮೇನಲ್ಲಿ ಒಪ್ಪಿಗೆ ಕೊಟ್ಟಿದೆ, ಆದರೆ ಅದರ ಬೆಲೆ ಈ ಮನೆಯವರಿಗೆ ನಿಲುಕುವಂಥದ್ದಲ್ಲ. ಕಲಿಸಿದ್ದು ದಿನನಿತ್ಯದ ಆರೈಕೆ: ಕಂಕುಳಿಗೆ ಕೈಹಾಕಿ ಎತ್ತಬೇಡಿ, ಅಂಗಿಯ ಹೊಲಿಗೆ ಹೊರಗೆ ಬರುವಂತೆ ತಿರುಗಿಸಿ ಹಾಕಿ, ಗುಳ್ಳೆಯನ್ನು ಶುದ್ಧ ಸೂಜಿಯಿಂದ ಬುಡದಲ್ಲಿ ಚುಚ್ಚಿ ನೀರು ತೆಗೆಯಿರಿ, ಮೇಲಿನ ಪೊರೆ ಕೀಳಬೇಡಿ, ಅಂಟುವ ಪಟ್ಟಿ ಬೇಡವೇ ಬೇಡ. ಪ್ರತಿ ಬಸಿರಿನಲ್ಲೂ ಮಗುವಿಗೆ ಈ ರೋಗ ಬರುವ ಸಾಧ್ಯತೆ ನಾಲ್ಕರಲ್ಲಿ ಒಂದು. ದೋಷ ಯಾವುದೆಂದು ಗೊತ್ತಾಗಿರುವುದರಿಂದ ಬಸಿರಿನ ಹನ್ನೊಂದನೇ ವಾರದ ನಂತರ ಹೊಟ್ಟೆಯಲ್ಲಿರುವ ಮಗುವಿಗೆ ಪರೀಕ್ಷೆ ಮಾಡಿಸಬಹುದು ಎಂದೂ ಹೇಳಿದೆ.

ಆ ತಾಯಿ ವರದಿಯನ್ನು ಮಡಿಚಿ ಸೆರಗಿನಲ್ಲಿಟ್ಟುಕೊಂಡಳು. "ಹಂಗಾದ್ರೆ ಗ್ರಹಣ ಅಲ್ಲ" ಎಂದು ಎರಡು ಸಲ ಅಂದಳು.

ಮುಂದಿನ ತಿಂಗಳು ಅವಳ ಅಜ್ಜಿ ಬಂದರು, ಅಂದರೆ ಅತ್ತೆಯೂ ಅವರೇ. "ಕಿರಿಮಗನಿಗೂ ಇನ್ನೊಬ್ಳು ಮೊಮ್ಮಗಳನ್ನೇ ತರೋಣ ಅಂತಿದ್ವಿ. ಮಾತು ಮುಂದುವರಿಸೋಕೆ ಮುಂಚೆ ಆ ಇಬ್ರದೂ ರಕ್ತ ನೋಡ್ತೀರಾ ಡಾಕ್ಟ್ರೇ?"