ಮನೇಲಿ ಹಣ್ಣಿನ ಟೀ, ಹರ್ಬಲ್ ಟೀ ಮಾಡೋದು: ಎಲೆಗೆ ಒಂದು ಹದ, ಬೇರಿಗೆ ಇನ್ನೊಂದು

ಹರ್ಬಲ್ ಟೀ ಮನೇಲಿ ಮಾಡಿದ್ರೆ ಚೆನ್ನಾಗಿ ಬರಲ್ಲ ಅನ್ನೋರು ಸಾಮಾನ್ಯವಾಗಿ ಏನ್ ಮಾಡಿರ್ತಾರೆ ಅಂದ್ರೆ ಪುದೀನ, ಶುಂಠಿ, ಚಕ್ಕೆ, ನಿಂಬೆ ಹೋಳು ಎಲ್ಲಾನೂ ಒಂದೇ ಸಲಕ್ಕೆ ಪಾತ್ರೆಗೆ ಹಾಕಿ ಐದು ನಿಮಿಷ ಕೊತಕೊತ ಕುದಿಸಿಬಿಟ್ಟಿರ್ತಾರೆ. ಪುದೀನದ ಘಮ ಆವಿ ಜೊತೆ ಹೊರಟೋಗಿರುತ್ತೆ, ನಿಂಬೆ ಸಿಪ್ಪೆ ಕಹಿ ಬಿಟ್ಟಿರುತ್ತೆ, ಆದ್ರೆ ಚಕ್ಕೆ ಮಾತ್ರ ಇನ್ನೂ ಪೂರ್ತಿ ರುಚಿ ಬಿಟ್ಟಿರಲ್ಲ. ಸಾಮಾನು ಎಲ್ಲಾ ಒಳ್ಳೇದೇ, ಹಾಕಿದ ಹೊತ್ತು ಮಾತ್ರ ಸರಿ ಇಲ್ಲ. ಎಲೆ, ಹೂವು, ಬೇರು, ಹಣ್ಣು ಒಂದೊಂದಕ್ಕೂ ಎಷ್ಟು ಬಿಸಿ ಬೇಕು, ಎಷ್ಟು ಹೊತ್ತು ಬೇಕು ಅನ್ನೋದು ಬೇರೆ ಬೇರೆ. ಇದೊಂದು ಗೊತ್ತಾದ್ರೆ ರೆಸಿಪಿ ನೋಡದೇನೇ ಅಡುಗೆಮನೇಲಿ ಏನಿದ್ಯೋ ಅದ್ರಲ್ಲೇ ಒಳ್ಳೆ ಟೀ ಮಾಡ್ಕೋಬೋದು.

ಅಂದಹಾಗೆ ಟೀ ಅಂತ ಕರೆದ್ರೂ ಇದ್ರಲ್ಲಿ ಹೆಚ್ಚಿನವಕ್ಕೆ ಟೀ ಸೊಪ್ಪು ಬೇಕೇ ಆಗಲ್ಲ, ಹಾಗಾಗಿ ಕೆಫೀನ್ ಕೂಡ ಇರಲ್ಲ, ರಾತ್ರಿ ಮಲಗೋ ಮುಂಚೆ ಕುಡಿದ್ರೂ ನಿದ್ದೆ ಕೆಡಲ್ಲ. ದಕ್ಷಿಣ ಅಮೆರಿಕದ ಯೆರ್ಬಾ ಮಾತೆ ಥರದ ಒಂದೆರಡು ಎಲೆಗಳಲ್ಲಿ ಮಾತ್ರ ಕೆಫೀನ್ ಇದೆ, ಅಷ್ಟು ನೆನಪಿರ್ಲಿ.

ಮೊದಲು ಎಲೆ. ಪುದೀನ, ತುಳಸಿ, ಲೆಮನ್ ಬಾಮ್ ಇಂಥ ಮೆತ್ತನೆ ಎಲೆಗಳನ್ನ ಯಾವತ್ತೂ ಕುದಿಸಬೇಡಿ. ನೀರು ಕುದಿಸಿ, ಒಲೆ ಆರಿಸಿ, ಎಲೆ ಮೇಲೆ ಸುರೀರಿ, ತಕ್ಷಣ ಮುಚ್ಚಳ ಮುಚ್ಚಿ 5ರಿಂದ 7 ನಿಮಿಷ ಬಿಡಿ. 200 ಮಿಲಿ ಕಪ್ಪಿಗೆ ಒಣಗಿದ ಎಲೆ ಆದ್ರೆ 1 ಟೀ ಚಮಚ, ಹಸಿ ಎಲೆ ಆದ್ರೆ ಅದರ ಮೂರರಷ್ಟು, ಯಾಕಂದ್ರೆ ಹಸಿ ಎಲೆಯಲ್ಲಿ ಬಹುಪಾಲು ನೀರೇ ಇರೋದು. ಮುಚ್ಚಳದ ವಿಷಯ ಸಣ್ಣದಲ್ಲ. ಪುದೀನಕ್ಕೆ ಆ ತಂಪು ಕೊಡೋ ಮೆಂಥಾಲ್, ತುಳಸಿ ಘಮಕ್ಕೆ ಕಾರಣವಾದ ಯೂಜಿನಾಲ್ ಇವೆಲ್ಲ ಆವಿ ಜೊತೆ ಹಾರಿಹೋಗೋ ಎಣ್ಣೆಗಳು. ಐದು ನಿಮಿಷ ಆದ್ಮೇಲೆ ಮುಚ್ಚಳ ಎತ್ತಿ ಅದರ ಒಳಗಡೆ ಮೂಸಿ ನೋಡಿ, ಅಲ್ಲಿ ಕೂತಿರೋ ಹನಿಗಳಲ್ಲೂ ಘಮ ಗಾಢವಾಗಿರುತ್ತೆ, ಆ ಹನಿಗಳನ್ನ ಒರೆಸಿ ಎಸೀಬೇಡಿ, ಮುಚ್ಚಳ ಓರೆ ಮಾಡಿ ಕಪ್ಪಿಗೇ ಬೀಳಿಸಿ. ಹಸಿ ಪುದೀನ ಸಣ್ಣಗೆ ಹೆಚ್ಚಬೇಡಿ, ಹೆಚ್ಚಿದ ಜಾಗ ಕಪ್ಪಾಗುತ್ತೆ, ಟೀಗೆ ಹುಲ್ಲಿನ ವಾಸನೆ ಬರುತ್ತೆ. ಎರಡು ಅಂಗೈ ಮಧ್ಯೆ ಇಟ್ಟು ಒಂದು ಸಲ ಚಪ್ಪಾಳೆ ಹೊಡೆದ ಹಾಗೆ ತಟ್ಟಿ ಹಾಕಿದ್ರೆ ಸಾಕು. ಮಜ್ಜಿಗೆ ಹುಲ್ಲು, ಅದೇ ಲೆಮನ್ ಗ್ರಾಸ್, ಇದೂ ಎಲೆನೇ ಆದ್ರೂ ನಾರು ಜಾಸ್ತಿ, ಅದಕ್ಕೆ ಬುಡದ ದಪ್ಪ ಭಾಗ ಜಜ್ಜಿ ಮುಚ್ಚಳ ಹಾಕಿ ಸಣ್ಣ ಉರೀಲಿ 5 ನಿಮಿಷ ಇಡ್ಬೇಕು.

ಬೇರು, ತೊಗಟೆ, ಕಾಳುಗಳಿಗೆ ಬಿಸಿನೀರು ಸುರಿದು ಬಿಟ್ರೆ ಸಾಕಾಗಲ್ಲ, ಕುದೀಲೇಬೇಕು. ಒಂದಿಂಚು ಹಸಿ ಶುಂಠಿ ತೆಳ್ಳಗೆ ಹೆಚ್ಚಿ ಅಥವಾ ಜಜ್ಜಿ, 300 ಮಿಲಿ ನೀರಿಗೆ ಹಾಕಿ, ಸಣ್ಣ ಉರೀಲಿ 10 ನಿಮಿಷ. ಚಕ್ಕೆಗೂ ಅಷ್ಟೇ ಹೊತ್ತು. ಸೋಂಪು, ಏಲಕ್ಕಿ ಜಜ್ಜಿದ್ರೆ 5 ನಿಮಿಷ ಸಾಕು, ಜಜ್ಜದೇ ಇಡಿಯಾಗಿ ಹಾಕಿದ್ರೆ ಎಷ್ಟು ಕುದಿಸಿದ್ರೂ ಅರ್ಧ ರುಚಿ ಒಳಗೇ ಉಳ್ಕೊಳ್ಳುತ್ತೆ. ಲವಂಗ ಒಂದು ಲೀಟರಿಗೆ ಎರಡಕ್ಕಿಂತ ಜಾಸ್ತಿ ಬೇಡ, ಉಳಿದೆಲ್ಲಾ ರುಚಿನೂ ಅದೇ ನುಂಗಿಬಿಡುತ್ತೆ.

ಹೂವುಗಳ ಪೈಕಿ ಕ್ಯಾಮೊಮೈಲ್ 5 ನಿಮಿಷ, ಅದಕ್ಕಿಂತ ಹೆಚ್ಚು ಬಿಟ್ರೆ ಕಹಿ ಬರುತ್ತೆ. ಅಂಗಡೀಲಿ ಹೈಬಿಸ್ಕಸ್ ಅಂತ ಸಿಗೋ ಕಡುಕೆಂಪು ಒಣ ಚೂರುಗಳು ನಿಜಕ್ಕೂ ದಳಗಳಲ್ಲ, ಪುಂಡಿ ಜಾತಿಯ ಗಿಡದಲ್ಲಿ ಹೂವಿನ ಬುಡದಲ್ಲಿರೋ ದಪ್ಪ ಪುಷ್ಪಪಾತ್ರೆ, ಹುಳಿ ಸಖತ್ ಇರುತ್ತೆ, ಒಂದು ಕಪ್ಪಿಗೆ 1 ಟೀ ಚಮಚ ಹಾಕಿ 5 ನಿಮಿಷ ಬಿಟ್ರೆ ಮಾಣಿಕ್ಯದ ಬಣ್ಣ ಬರುತ್ತೆ. ಹುಳಿ ಇರೋ ಯಾವ ಟೀಗೂ ಅಲ್ಯೂಮಿನಿಯಂ ಪಾತ್ರೆ ಬಳಸ್ಬೇಡಿ, ಹುಳಿ ಲೋಹದ ಜೊತೆ ಸೇರಿ ರುಚಿನೂ ಕೆಡುತ್ತೆ, ಲೋಹವೂ ಸ್ವಲ್ಪ ಟೀಗೆ ಬಿಡುತ್ತೆ. ಸ್ಟೀಲು, ಗಾಜು, ಪಿಂಗಾಣಿ ಒಳ್ಳೇದು.

ಶಂಖಪುಷ್ಪ ಬಗ್ಗೆ ಹೇಳಲೇಬೇಕು, ಮಕ್ಕಳಿರೋ ಮನೇಲಿ ಇದನ್ನ ಒಂದ್ಸಲ ಮಾಡಿ. ಐದಾರು ಒಣ ಹೂವು ಗಾಜಿನ ಲೋಟಕ್ಕೆ ಹಾಕಿ ಬಿಸಿನೀರು ಸುರಿದ್ರೆ ಹೂವಿಂದ ನೀಲಿ ಎಳೆಎಳೆಯಾಗಿ ಕೆಳಗಿಳಿಯುತ್ತೆ, ಎರಡು ನಿಮಿಷದಲ್ಲಿ ಇಡೀ ಲೋಟ ಕಡುನೀಲಿ. ಆಮೇಲೆ ಕಲಕದೇ ಒಂದು ಕಡೆಯಿಂದ ನಿಂಬೆರಸ ಬಿಡಿ, ರಸ ಹೋದ ದಾರಿ ಉದ್ದಕ್ಕೂ ನೇರಳೆ ಆಗ್ತಾ ಹೋಗುತ್ತೆ, ಇನ್ನೂ ಹಾಕಿದ್ರೆ ಗುಲಾಬಿ ಕಡೆ ತಿರುಗುತ್ತೆ. ಆಂಥೋಸಯನಿನ್ ಅನ್ನೋ ಬಣ್ಣದ ಅಂಶ ಹುಳಿಗೆ ತಕ್ಕ ಹಾಗೆ ಬಣ್ಣ ಬದಲಿಸೋದ್ರಿಂದ ಹೀಗಾಗೋದು. ಹೈಬಿಸ್ಕಸ್ ಕೆಂಪಿಗೂ ಇದೇ ಕಾರಣ. ರುಚಿ ಮಾತ್ರ ಶಂಖಪುಷ್ಪದ್ದು ತೀರಾ ಸಪ್ಪೆ, ಬಣ್ಣಕ್ಕೆ ಅಂತ ಇಟ್ಕೊಂಡು ಘಮಕ್ಕೆ ಮಜ್ಜಿಗೆ ಹುಲ್ಲು ಸೇರಿಸಿ.

ಈಗ ಹಣ್ಣು. ಪ್ಯಾಕೆಟ್ ಫ್ರೂಟ್ ಟೀ ಡಬ್ಬಿ ಹಿಂದೆ ಓದಿ ನೋಡಿ, ಮುಂದೆ ಸ್ಟ್ರಾಬೆರಿ ಚಿತ್ರ ಇದ್ರೂ ಎಷ್ಟೋ ಸಲ ಒಳಗಿರೋದು ಮುಖ್ಯವಾಗಿ ಹೈಬಿಸ್ಕಸ್, ಒಣ ಸೇಬು, ಮೇಲೊಂದಿಷ್ಟು ಫ್ಲೇವರ್. ಮನೇಲಿ ಮಾಡಿದ್ರೆ ನಿಜವಾದ ಹಣ್ಣಿನ ರುಚಿ ಸಿಗುತ್ತೆ, ಆದ್ರೆ ಹಣ್ಣು ಧಾರಾಳವಾಗಿ ಹಾಕ್ಬೇಕು. ಎರಡು ಹೋಳು ತೇಲಿಬಿಟ್ರೆ ನೋಡೋಕೆ ಚಂದ, ಕುಡಿಯೋಕೆ ಬರೀ ನೀರು. 1 ಲೀಟರ್ ನೀರಿಗೆ ಹೆಚ್ಚಿದ ಹಣ್ಣು ಒಂದು ದೊಡ್ಡ ಕಪ್ ತುಂಬ ಬೇಕು. ಸೇಬು, ಪೇರ್ ಥರದ ಗಟ್ಟಿ ಹಣ್ಣು ಸಿಪ್ಪೆ ಸಮೇತ ಹೆಚ್ಚಿ ಸಣ್ಣ ಉರೀಲಿ 8ರಿಂದ 10 ನಿಮಿಷ. ಬೆರಿ ಹಣ್ಣುಗಳಾದ್ರೆ 5 ನಿಮಿಷ, ಆಮೇಲೆ ಚಮಚದ ಹಿಂಭಾಗದಿಂದ ಸ್ವಲ್ಪ ಒತ್ತಿ. ಫ್ರೀಜರಲ್ಲಿಟ್ಟ ಬೆರಿ ಇನ್ನೂ ಒಳ್ಳೇದು, ಹಣ್ಣಿನೊಳಗಿನ ನೀರು ಮಂಜಾಗುವಾಗ ಅದರ ಕೋಶಗಳು ಒಡೆದಿರುತ್ತೆ, ರಸ ಬೇಗ ಬಿಡುತ್ತೆ. ಒಲೆ ಆರಿಸಿ ಮುಚ್ಚಿ 15 ನಿಮಿಷ ಬಿಟ್ಟು ಸೋಸಿ, ಸೋಸುವಾಗ ಹಿಂಡಬೇಡಿ, ಹಿಂಡಿದ್ರೆ ಪೆಕ್ಟಿನ್ ಅನ್ನೋ ಹಣ್ಣಿನ ಅಂಟು ಅಂಶ ಮತ್ತೆ ತಿರುಳು ಇಳಿದು ಟೀ ಬಗ್ಗಡ ಆಗುತ್ತೆ. ಕಲ್ಲಂಗಡಿಗೆ ಬಿಸಿ ಆಗಿಬರಲ್ಲ, ಬೆಂದ ವಾಸನೆ ಬರುತ್ತೆ, ಅದನ್ನ ಆರಿದ ಟೀಗೇ ಸೇರಿಸಿ.

ನಿಂಬೆ, ಕಿತ್ತಳೆ ಇವುಗಳ ಘಮ ಇರೋದು ಸಿಪ್ಪೆಯ ಮೇಲ್ಪದರದಲ್ಲಿ, ಕಹಿ ಇರೋದು ಅದರ ಕೆಳಗಿನ ಬಿಳಿ ಪದರದಲ್ಲಿ. ಅದಕ್ಕೆ ಪೀಲರಲ್ಲಿ ಬಣ್ಣದ ಭಾಗ ಮಾತ್ರ ತೆಳ್ಳಗೆ ಎತ್ಕೊಳ್ಳಿ, ಅದಕ್ಕೂ ಮುಂಚೆ ಬಿಸಿನೀರಲ್ಲಿ ಚೆನ್ನಾಗಿ ಉಜ್ಜಿ ತೊಳೀರಿ, ಹೊಳಪಿಗೆ ಅಂತ ಮೇಣ ಹಚ್ಚಿರೋ ಹಣ್ಣು ಬರುತ್ತೆ. ರಸ ಯಾವಾಗ್ಲೂ ಕೊನೇಗೆ, ಕುಡಿಯೋ ಬಿಸಿಗೆ ಬಂದ್ಮೇಲೆ ಹಿಂಡಿ. ವಿಟಮಿನ್ ಸಿ ಜಾಸ್ತಿ ಹೊತ್ತು ಬಿಸೀಲಿದ್ರೆ ಕಮ್ಮಿ ಆಗುತ್ತೆ, ಘಮವೂ ನಿಲ್ಲಲ್ಲ.

ಇವೆಲ್ಲ ಒಂದೇ ಪಾತ್ರೇಲಿ ಹೆಂಗೆ ಅಂದ್ರೆ, ಗಟ್ಟಿ ಇರೋದು ಮೊದಲು, ಮೆತ್ತಗಿರೋದು ಕೊನೇಗೆ. ಸೇಬು ಶುಂಠಿ ಪುದೀನದ ಟೀ ಮಾಡೋಣ ಅನ್ಕೊಳ್ಳಿ. 1 ಲೀಟರ್ ನೀರಿಗೆ ಒಂದಿಂಚು ಶುಂಠಿ, ಅರ್ಧ ಇಂಚು ಚಕ್ಕೆ ಹಾಕಿ ಸಣ್ಣ ಉರೀಲಿಡಿ, ಐದು ನಿಮಿಷಕ್ಕೆ ಹೆಚ್ಚಿದ ಎರಡು ಸೇಬು ಹಾಕಿ, ಮುಚ್ಚಿ ಇನ್ನು ಎಂಟು ನಿಮಿಷ, ಒಲೆ ಆರಿಸಿ ಒಂದು ಹಿಡಿ ತಟ್ಟಿದ ಪುದೀನ ಹಾಕಿ ಮತ್ತೆ ಮುಚ್ಚಿ ಆರು ನಿಮಿಷ, ಸೋಸಿ, ನಿಂಬೆ ಹಿಂಡಿ. ಇದೇ ಲೆಕ್ಕದಲ್ಲಿ ಅನಾನಸ್ ಜೊತೆ ತುಳಸಿ ಮಾಡಿ, ಅನಾನಸ್ಸಿನ ಮಧ್ಯದ ಗಟ್ಟಿ ದಿಂಡು ಎಸೀದೆ ಅದನ್ನೇ ಕುದಿಸಿ, ರುಚಿ ಚೆನ್ನಾಗಿ ಬಿಡುತ್ತೆ. ಹೈಬಿಸ್ಕಸ್, ಕಿತ್ತಳೆ ಸಿಪ್ಪೆ, ಚಕ್ಕೆ ಮೂರೂ ಸೇರಿದ್ರೆ ನನ್ನ ಪ್ರಕಾರ ಎಲ್ಲಕ್ಕಿಂತ ಚೆನ್ನಾಗಿ ಹೊಂದೋ ಜೋಡಿ. ಮೂರು ನಾಲ್ಕಕ್ಕಿಂತ ಜಾಸ್ತಿ ಸಾಮಾನು ಸೇರಿಸೋಕೆ ಹೋಗ್ಬೇಡಿ, ಯಾವುದರ ರುಚಿನೂ ಗೊತ್ತಾಗಲ್ಲ. ಟೀ ಸೊಪ್ಪೂ ಬೇಕು ಅನ್ನೋರು ಅದನ್ನ ಬೇರೆ ಪಾತ್ರೇಲಿ ಮಾಡಿ ಸೇರಿಸಿ, ಬ್ಲಾಕ್ ಟೀ ಆದ್ರೆ 3ರಿಂದ 5 ನಿಮಿಷ, ಗ್ರೀನ್ ಟೀ ಆದ್ರೆ ಕುದಿಯೋ ನೀರು ಬೇಡ, 80 ಡಿಗ್ರಿ ಆಸುಪಾಸಿನ ನೀರಲ್ಲಿ 2 ನಿಮಿಷ, ಇಲ್ಲಾಂದ್ರೆ ಒಗರು. ಹುಳಿ ಹಣ್ಣಿನ ಟೀಗೆ ಹಾಲು ಬೇಡ, ಒಡೆಯುತ್ತೆ.

ತಣ್ಣಗೆ ಬೇಕಿದ್ರೆ ಸಾಮಾನು ಎರಡರಷ್ಟು ಹಾಕಿ ಗಟ್ಟಿಯಾಗಿ ಮಾಡಿ, ಐಸ್ ಕರಗಿದಾಗ ಸರಿಹೋಗುತ್ತೆ. ಹೊತ್ತು ಎರಡರಷ್ಟು ಮಾಡಬೇಡಿ, ಅದರಿಂದ ಕಹಿ ಮಾತ್ರ ಜಾಸ್ತಿ ಆಗೋದು. ಸ್ವಲ್ಪ ಟೀಯನ್ನೇ ಐಸ್ ಟ್ರೇಗೆ ಹಾಕಿ ಗಟ್ಟಿ ಮಾಡಿಟ್ರೆ ನೀರಾಗೋ ಪ್ರಶ್ನೆನೇ ಇಲ್ಲ. ಬ್ಲಾಕ್ ಟೀ ಸೇರಿಸಿದ್ದು ಫ್ರಿಜ್ಜಲ್ಲಿ ಮಬ್ಬಾದ್ರೆ ಕೆಟ್ಟಿದೆ ಅಂತಲ್ಲ, ಅದರಲ್ಲಿ ಒಗರು ಕೊಡೋ ಟ್ಯಾನಿನ್ ಮತ್ತೆ ಕೆಫೀನ್ ತಣ್ಣಗಾದಾಗ ಒಂದಕ್ಕೊಂದು ಅಂಟ್ಕೊಳ್ಳುತ್ತೆ, ಸ್ವಲ್ಪ ಬಿಸಿನೀರು ಹಾಕಿದ್ರೆ ತಿಳಿಯಾಗುತ್ತೆ. ತಣ್ಣಗಿರೋದ್ರಲ್ಲಿ ಸಿಹಿ ಕಮ್ಮಿ ಅನ್ಸುತ್ತೆ, ಸಕ್ಕರೆ ಕರಗೋದೂ ನಿಧಾನ, ಅದಕ್ಕೆ ಸಕ್ಕರೆ ನೀರು ಸಮಸಮ ಹಾಕಿ ಕರಗಿಸಿ ಪಾಕ ಮಾಡಿಟ್ಕೊಳ್ಳಿ. ಜೇನುತುಪ್ಪ ಆದ್ರೆ ಟೀ ಉಗುರುಬೆಚ್ಚಗೆ ಇರುವಾಗ್ಲೇ ಕಲಸಿ, ಒಂದು ವರ್ಷದೊಳಗಿನ ಮಗುವಿಗೆ ಮಾತ್ರ ಜೇನು ಹಾಕಿದ್ದನ್ನ ಕೊಡಲೇಬಾರದು, ಬಾಟ್ಯುಲಿಸಂ ಅನ್ನೋ ಬ್ಯಾಕ್ಟೀರಿಯಾ ವಿಷದ ಕಾಯಿಲೆಯ ಅಪಾಯ ಇದೆ. ಇನ್ನು ಬಿಸಿ ಮಾಡದೇನೇ ಒಣ ಗಿಡಮೂಲಿಕೆ ತಣ್ಣೀರಲ್ಲಿ ನೆನೆಸಿಡೋರು ಇದ್ದಾರೆ, ಬಿಸಿಲಲ್ಲಿ ಜಾರ್ ಇಡೋರೂ ಇದ್ದಾರೆ. ಬಿಸಿಲಿನ ಜಾರ್ ಬೇಡ, ಆ ಬೆಚ್ಚಗಿನ ನೀರು ಬ್ಯಾಕ್ಟೀರಿಯಾಗೆ ಹೇಳಿ ಮಾಡಿಸಿದ ಹಾಗೆ. ಕುದಿಯೋ ನೀರು ಸ್ವಲ್ಪ ಸುರಿದು ಎರಡು ನಿಮಿಷ ಬಿಟ್ಟು, ಆಮೇಲೆ ತಣ್ಣೀರು ತುಂಬಿ ಫ್ರಿಜ್ಜಲ್ಲಿ 6ರಿಂದ 8 ಗಂಟೆ ಇಡಿ. ಕಹಿ ಕಮ್ಮಿ, ಘಮ ಉಳಿಯುತ್ತೆ.

ಒಣಗಿಸಿ ಇಟ್ಕೊಳ್ಳೋದಾದ್ರೆ ಎಲೆಗಳನ್ನ ನೆರಳಲ್ಲಿ, ಗಾಳಿ ಆಡೋ ಕಡೆ ಒಣಗಿಸಿ, ನೇರ ಬಿಸಿಲಿಗೆ ಬಣ್ಣ, ಘಮ ಎರಡೂ ಹೋಗುತ್ತೆ. ಹಿಸುಕಿದ್ರೆ ಪುಡಿಪುಡಿ ಆಗ್ಬೇಕು, ಆದ್ರೆ ಪುಡಿ ಮಾಡಿ ಇಡ್ಬೇಡಿ, ಇಡೀ ಎಲೆನೇ ಡಬ್ಬಿಗೆ ಹಾಕಿ ಬಳಸುವಾಗ ಪುಡಿ ಮಾಡಿ. ಹಣ್ಣು 3 ಮಿಲಿಮೀಟರ್ ದಪ್ಪಕ್ಕೆ ಬಿಲ್ಲೆ ಮಾಡಿ, ಸೇಬು ಆದ್ರೆ ನಿಂಬೆರಸದ ನೀರಲ್ಲಿ ಅದ್ದಿ, 60 ಡಿಗ್ರಿ ಆಸುಪಾಸು ಓವನ್ನಲ್ಲಿ ಬಾಗಿಲು ಸ್ವಲ್ಪ ತೆರೆದಿಟ್ಟು ಹಲವು ಗಂಟೆ ಒಣಗಿಸಬೇಕು. ಪೂರ್ತಿ ಆರಿದ್ಮೇಲೇನೆ ಗಾಜಿನ ಜಾರಿಗೆ ತುಂಬಿ, ಮೊದಲ ವಾರ ದಿನಾ ಒಂದ್ಸಲ ಅಲ್ಲಾಡಿಸಿ ಗಾಜಿನ ಒಳಗಡೆ ನೋಡಿ, ತೇವ ಕಂಡ್ರೆ ಹೊರಗೆ ತೆಗೆದು ಮತ್ತೆ ಒಣಗಿಸಿ. ಬೂಷ್ಟು ಕಂಡ್ರೆ ಆ ಒಂದು ಬಿಲ್ಲೆ ಮಾತ್ರ ಅಲ್ಲ, ಇಡೀ ಜಾರ್ ಎಸೀರಿ.

ಕೊನೇದಾಗಿ ಯಾರು ಹುಷಾರಾಗಿರ್ಬೇಕು ಅನ್ನೋದು. ಗಿಡಮೂಲಿಕೆ ಅಂದ್ರೆ ಎಲ್ಲರಿಗೂ ಒಗ್ಗುತ್ತೆ ಅಂತಲ್ಲ. ಜೇಷ್ಠಮಧು ದಿನಾ ಜಾಸ್ತಿ ಕುಡಿದ್ರೆ ಬಿಪಿ ಏರುತ್ತೆ, ದೇಹದಲ್ಲಿ ಪೊಟ್ಯಾಸಿಯಂ ಇಳಿಯುತ್ತೆ. ಹೈಬಿಸ್ಕಸ್ ಬಿಪಿ ಸ್ವಲ್ಪ ಇಳಿಸುತ್ತೆ, ಬಿಪಿ ಮಾತ್ರೆ ತಗೊಳ್ಳೋರು ಡಾಕ್ಟರನ್ನ ಕೇಳಿ ಕುಡೀರಿ. ಸೇವಂತಿಗೆ ಜಾತಿಯ ಹೂವು ಅಲರ್ಜಿ ಇರೋರಿಗೆ ಕ್ಯಾಮೊಮೈಲೂ ಆಗದೇ ಇರಬಹುದು, ರಕ್ತ ತೆಳು ಮಾಡೋ ಔಷಧಿ ತಗೊಳ್ಳೋರೂ, ಗರ್ಭಿಣಿಯರೂ ಮೊದಲು ವಿಚಾರಿಸಿ. ಅಲಂಕಾರಕ್ಕೆ ಮಾರೋ ಹೂವು ಟೀಗೆ ಹಾಕ್ಬೇಡಿ, ಕೀಟನಾಶಕ ಹೊಡೆದಿರ್ತಾರೆ. ದೇಹದ ವಿಷ ಹೊರಗೆ ಹಾಕುತ್ತೆ ಅಂತ ಹೇಳಿ ಮಾರೋದನ್ನ ನಂಬಿ ದುಡ್ಡು ಹಾಕ್ಬೇಡಿ, ಆ ಕೆಲಸ ಲಿವರ್ರು ಕಿಡ್ನಿ ಮಾಡುತ್ತೆ. ಹುಳಿ ಟೀ ಕುಡಿದ ತಕ್ಷಣ ಹಲ್ಲುಜ್ಜಬೇಡಿ, ಹುಳಿಗೆ ಹಲ್ಲಿನ ಮೇಲ್ಪದರ, ಅದೇ ಎನಾಮಲ್, ಮೆತ್ತಗಾಗಿರುತ್ತೆ, ಬರೀ ನೀರಲ್ಲಿ ಬಾಯಿ ಮುಕ್ಕಳಿಸಿ ಅರ್ಧ ಗಂಟೆ ಬಿಡಿ. ಮಾಡಿಟ್ಟ ಟೀ ಫ್ರಿಜ್ಜಲ್ಲಿ ಎರಡು ದಿನ, ಹಣ್ಣಿನ ಚೂರು ಒಳಗೇ ಬಿಟ್ಟಿದ್ರೆ ಒಂದೇ ದಿನ. ಮುಚ್ಚಳ ತೆಗೆದಾಗ ಗುಳ್ಳೆ ಬಂದ್ರೆ ಹುಳಿಬಂದಿದೆ ಅಂತ ಅರ್ಥ, ಚೆಲ್ಲಿಬಿಡಿ.